ಎಡ ತೊಡೆ, ಎರಡು ಕೋನ

ಚೀಟಿಯಲ್ಲಿ ಬರೆದದ್ದು ಅಷ್ಟೇ: ಎಡ ತೊಡೆ, ಎರಡು ಕೋನ.
ಹೆಸರು ಸಾಯಬಣ್ಣ. ವಯಸ್ಸು ಹದಿನೈದು. ಊರು ಶಹಾಬಾದ.
ಕಲಬುರಗಿಯ ಮೇ ತಿಂಗಳು,
ಫ್ಯಾನು ತಿರುಗಿ ತಿರುಗಿ ಬಿಸಿಯನ್ನೇ ಬಡಿಸುತ್ತಿತ್ತು.
ಕಾಲಿಗೆ ಬಿದಿರ ದಬ್ಬೆ, ಅದರ ಮೇಲೆ ಹಳೆ ಸೀರೆಯ ಅಂಚು,
ಎಣ್ಣೆ, ಅರಿಶಿನ, ಯಾವುದೋ ಸೊಪ್ಪಿನ ವಾಸನೆ.
ಕಟ್ಟಿ ಮೂರು ವಾರ ಆಗ್ಯಾವರಿ, ಅಂದಳು ಜಗದೇವಿ.

ಮ್ಯಾಲಿಂದ ಬಿದ್ದೇನೋ?
ಇಲ್ರಿ.
ಗಾಡಿ ಬಡೀತೇನು?
ಇಲ್ರಿ. ಸಾಲಿ ಮೆಟ್ಟಲ ಇಳ್ಯಾಕತ್ತಿದ್ದೆ. ಬರೇ ಒಂದು ಮೆಟ್ಟಲ.
ಒಳಗ ಟಪ್ ಅಂತು. ಆಮ್ಯಾಲ ಬಿದ್ದೆ.

ಹತ್ತೊಂಬತ್ತು ವರ್ಷ ಎಲುಬಿನ ಚಿತ್ರ ತೆಗೆದವಳು ನಾನು.
ಆ ಒಂದು 'ಆಮ್ಯಾಲ' ಕೇಳಿದರೆ
ಗುಂಡಿಯ ಮೇಲಿನ ಬೆರಳು ಈಗಲೂ ತಡೆಯುತ್ತದೆ.

ಮಂಡಿಯಿಂದ ನಾಲ್ಕು ಬೆರಳು ಮೇಲೆ
ಗೆದ್ದಲು ಹಿಡಿದ ಬಾಗಿಲ ಚೌಕಟ್ಟು.
ಅಂಚಿನಲ್ಲಿ ಜಾಲಿಮುಳ್ಳಿನ ಹಾಗೆ
ಹೊರಕ್ಕೆ ಚಾಚಿದ ಹೊಸ ಎಲುಬು, ಯಾರೂ ಕೇಳದ್ದು.
ನಡುವೆ ಅಡ್ಡ ಗೆರೆ. ಎರಡು ತುಂಡು
ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಸರಿದು ನಿಂತಿದ್ದವು.

ಗುಂಡಪ್ಪ ಫಿಲ್ಮನ್ನು ಕಿಟಕಿಗೆ ಹಿಡಿದ.
ಖಣಿಯಲ್ಲಿ ಫರ್ಸಿ ಎಬ್ಬಿಸುವ ಕೈ, ಉಗುರಿನ ತುಂಬ ಸುಣ್ಣದ ಬೂದು.
ಕಲ್ಲಿನ್ಯಾಗೂ ಹಿಂಗೇ ಇರ್ತದರಿ. ಮ್ಯಾಲ ನುಣುಪು.
ಸುತ್ತಿಗಿಲೆ ಬಡದ್ರ ದನಿ ಹೇಳ್ತದ,
ಗಟ್ಟಿ ಇದ್ದದ್ದು ಟಣ್ ಅಂತದ, ಎಳಿ ಹೋದದ್ದು ಬೊದ್ ಅಂತದ.
ಎಷ್ಟು ಸಾವಿರ ಕಲ್ಲು ಬಡದೀನೋ.
ಹುಡುಗನ್ನ ಬಡದು ನೋಡ್ಲಿಲ್ಲ ನೋಡ್ರಿ.

ಸ್ವಲ್ಪ ಹೊತ್ತು ಬಿಟ್ಟು,
ಮೇಡಂರಿ, ಬಿದ್ದು ಮುರದದೋ, ಮುರದು ಬಿದ್ದಾನೋ?

ಗೊತ್ತಿತ್ತು. ಹೇಳುವಂತಿರಲಿಲ್ಲ.
ಡಾಕ್ಟರ್ ಹೇಳ್ತಾರ, ಎಂಬುದು ನಮ್ಮ ಕೋಣೆಯ ಮಂತ್ರ.

ಡಾಕ್ಟರ್ ನಿಖತ್ ಚೀಟಿಯ ಬೆನ್ನಿಗೆ ಒಂದು ಗೋಡೆ ಬರೆದಳು.
ಇಷ್ಟು ದಿನ ಮನಿಯೊಳಗಿನ ಕಳ್ಳ.
ಈಗ ಗೋಡಿ ಒಡದದ, ರಕ್ತ ಹರದಲ್ಲೆಲ್ಲ ಅವನಿಗೂ ದಾರಿ.
ಮುರಿಯೋದಕ್ಕಿಂತ ಮೊದಲು ಬಂದವರದ್ದು ಒಂದು ಗೆರಿ,
ಮುರದು ಬಂದವರದ್ದು ಒಂದು.
ಎರಡೂ ಇಳೀತಾವ. ಇದು ಸ್ವಲ್ಪ ಹೆಚ್ಚು.

ಸ್ವಲ್ಪ ಅಂದ್ರ? ಗುಂಡಪ್ಪ ಹೆಬ್ಬೆರಳು ತೋರುಬೆರಳ ನಡುವೆ
ಸಂದು ಮಾಡಿ ತೋರಿಸಿದ. ಇಷ್ಟಾ?
ಅವಳು ಆ ಬೆರಳು ಹಿಡಿದು ಒಂದಿಷ್ಟು ಅಗಲಿಸಿದಳು.
ಆಮೇಲೆ, ಏನನ್ನಿಸಿತೋ, ತುಸು ಕೂಡಿಸಿದಳು.
ಇದು ನೂರು ಮಂದಿ ಗೆರಿ, ಅಂದಳು. ಸಾಯಬಣ್ಣಂದು ಇನ್ನೂ ಬರ್ದಿಲ್ಲ.

ಹೊರಗೆ ಬೆಂಚಿನ ಮೇಲೆ ಜಗದೇವಿ
ಬೆರಳ ಗೆಣ್ಣು ಎಣಿಸುತ್ತಿದ್ದಳು.
ಶಿವರಾತ್ರಿಗೇ ಅಂದಿದ್ದ, ಅವ್ವಾ ರಾತ್ರಿ ಕಾಲು ಕಡೀತದ.
ನಾ ಅಂದೆ, ಬೆಳ್ಯಾಕತ್ತೀದಿ, ಮಕ್ಕೋ.
ಶಿವರಾತ್ರಿ, ಹೋಳಿ, ಯುಗಾದಿ.
ಮತ್ತೆ ಮೊದಲ ಗೆಣ್ಣಿಗೆ ಬಂದಳು.
ಯಾವ ಗೆಣ್ಣಿನಲ್ಲಿ ತಿರುಗಬೇಕಿತ್ತು ಎಂದು
ಯಾವ ಪುಸ್ತಕವೂ ಅವಳಿಗೆ ಹೇಳುವುದಿಲ್ಲ.
ನಾನು ಒಂದು ಲೋಟ ನೀರು ತಂದುಕೊಟ್ಟೆ. ಕುಡಿಯಲಿಲ್ಲ, ಹಿಡಿದುಕೊಂಡಳು.

ಔಷಧಿ. ಆಪರೇಷನ್ನು. ಮತ್ತೆ ಔಷಧಿ.
ಮುರಿದ ಕಾಲೇ ಆದರೂ ತೆಗೆಯಲಿಲ್ಲ, ಒಳಗೆ ಲೋಹದ ಮಂಡಿ ಇಟ್ಟರು.
ಮೂರು ತಿಂಗಳಿಗೊಮ್ಮೆ ಬರುತ್ತಾನೆ, ಈಗ ಎದೆಯ ಚಿತ್ರಕ್ಕೆ.
ಹೊರಟ ಕಳ್ಳ ಮೊದಲು ತಟ್ಟುವ ಮನೆ ಅದು.

ಇವತ್ತು ಏಳನೆಯ ಸಲ.
ಕೂದಲು ಮತ್ತೆ ಬಂದಿದೆ, ಮೊದಲಿಗಿಂತ ಗುಂಗುರು.
ಕುಂಟುತ್ತಾ ಬಂದು ತಾನೇ ಹಲಗೆಗೆ ಎದೆ ಒತ್ತಿ ನಿಂತ,
ತಣ್ಣಗದ ರೀ, ಅಂತ ನಕ್ಕ.
ಉಸುರು ಒಳಗ ತಗೋ, ಅಂದೆ.
ಹಿಡಿ.

ಪರದೆಯಲ್ಲಿ ಪಕ್ಕೆಲುಬು ಒಂದೊಂದಾಗಿ ಮೂಡಿದವು.
ಬಲಗಡೆ ನೋಡಿದೆ. ಎಡಗಡೆ ನೋಡಿದೆ.
ಮತ್ತೊಮ್ಮೆ ಬಲಗಡೆ.

ಮೇಡಂರಿ,
ಬಿಗಿದ ಗಂಟಲಲ್ಲೇ ಕೇಳಿದ ಆ ಕಡೆಯಿಂದ,
ಬಿಡ್ಲೇನ್ರಿ?